ವರ್ಡ್‌ನಲ್ಲಿ ಹೊಸ ಫೈಲ್ ತೆಗೆದರೂ ಹಳೇ ಲೆಟರ್‌ಹೆಡ್ ಬರುತ್ತಿದೆ, ನಾರ್ಮಲ್ ಟೆಂಪ್ಲೇಟ್ ಎಲ್ಲಿರುತ್ತದೆ?

ಬೆಟಗೇರಿ ಟೈಪಿಂಗ್:
ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದು ಟೈಪಿಂಗ್, ಝೆರಾಕ್ಸ್ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಶಾಲೆಯ ಪ್ರಶ್ನೆಪತ್ರಿಕೆ, ಇಂಥ ಕೆಲಸವೇ ಜಾಸ್ತಿ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡೆವು, ವರ್ಡ್ 2016 ಇದೆ. ಹೊಸ ಡಾಕ್ಯುಮೆಂಟ್ ತೆಗೆದರೆ ಸಾಕು, ಮೇಲೆ ಯಾವುದೋ ಸೊಸೈಟಿಯ ಲೆಟರ್‌ಹೆಡ್ ಕೂತಿರುತ್ತದೆ, ಪೇಪರ್ ಸೈಜೂ ಲೆಟರ್ ಆಗಿರುತ್ತದೆ. ಪ್ರತಿ ಸಲ ಹೆಡರ್ ಅಳಿಸಿ, ಎ4 ಮಾಡಿ, ಆಮೇಲೆ ಟೈಪ್ ಶುರು ಮಾಡಬೇಕು, ಅಷ್ಟರಲ್ಲಿ ಗಿರಾಕಿ ಎದುರಿಗೇ ನಿಂತು ಗಡಿಯಾರ ನೋಡ್ತಿರುತ್ತಾರೆ. ನಾರ್ಮಲ್ ಅನ್ನೋ ಫೈಲ್ ಹುಡುಕಿ ತೆಗೆಯಿರಿ ಅಂತ ಒಬ್ಬರು ಹೇಳಿದರು. ಸಿ ಡ್ರೈವ್ ಪೂರ್ತಿ ಜಾಲಾಡಿದರೂ ಕಾಣಲಿಲ್ಲ. ಡಿಲೀಟ್ ಮಾಡಿದರೆ ವರ್ಡ್ ಮತ್ತೆ ತೆರೆಯುತ್ತದಾ?

ಉಣಕಲ್ ಕೆರೆ:
ತೆರೆಯುತ್ತದೆ ರೀ, ಹೆದರಬೇಡಿ. ನಾರ್ಮಲ್ ಅಂದರೆ ಪ್ರತಿ ಹೊಸ ಡಾಕ್ಯುಮೆಂಟಿಗೂ ವರ್ಡ್ ಬಳಸುವ ಅಚ್ಚು. ಆ ಫೈಲ್ ಇಲ್ಲದಿದ್ದರೆ ವರ್ಡ್ ತಾನೇ ಹೊಸದೊಂದು ಮಾಡಿಕೊಳ್ಳುತ್ತದೆ. ನಿಮಗೆ ಕಾಣದಿರಲು ಕಾರಣ, ಅದು ಇರುವ ಆಪ್‌ಡೇಟಾ ಫೋಲ್ಡರನ್ನು ವಿಂಡೋಸ್ ಅಡಗಿಸಿ ಇಟ್ಟಿರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಆಪ್‌ಡೇಟಾ ಅಂತ ಬರೆದು ಅದರ ಹಿಂದೆ ಮುಂದೆ ಪರ್ಸೆಂಟ್ ಗುರುತು ಹಾಕಿ, ಎಂಟರ್. ಅಲ್ಲಿಂದ ಮೈಕ್ರೋಸಾಫ್ಟ್, ಅದರೊಳಗೆ ಟೆಂಪ್ಲೇಟ್ಸ್. ನಾರ್ಮಲ್ ಡಾಟ್ ಡಿಒಟಿಎಂ ಅಲ್ಲೇ ಇರುತ್ತದೆ. ವರ್ಡ್ 2003ರವರೆಗೆ ಕೊನೆಗೆ ಡಿಒಟಿ ಅಂತಷ್ಟೇ ಇತ್ತು, 2007ರಿಂದ ಡಿಒಟಿಎಂ.

ಒಂದು ಮಾತು. ಮೊದಲು ವರ್ಡ್ ಪೂರ್ತಿ ಮುಚ್ಚಿ, ಔಟ್‌ಲುಕ್ ಇದ್ದರೆ ಅದನ್ನೂ. ವರ್ಡ್ ತೆರೆದಿರುವಾಗಲೇ ಫೈಲಿಗೆ ಕೈ ಹಾಕಿದರೆ, ಮುಚ್ಚುವಾಗ ಹಳೇದನ್ನೇ ಮತ್ತೆ ಬರೆದುಬಿಡಬಹುದು.

ಹಾವೇರಿ ಡಿಟಿಪಿ:
ದಯವಿಟ್ಟು ಡಿಲೀಟ್ ಮಾಡಬೇಡಿ! ಹೆಸರು ಬದಲಿಸಿ, ನಾರ್ಮಲ್ ಹಳೇದು ಅಂತ ಇಡಿ. ವರ್ಡ್‌ಗೆ ಆ ಹೆಸರಿನ ಫೈಲ್ ಸಿಗದಿದ್ದರೆ ಸಾಕು, ಹೊಸದು ಮಾಡುತ್ತದೆ. ಸುಮ್ನೆ ಅಳಿಸಿದರೆ ಅದರೊಳಗಿದ್ದ ಮ್ಯಾಕ್ರೋ (ಪದೇ ಪದೇ ಮಾಡುವ ಕೆಲಸವನ್ನು ತಾನೇ ಮಾಡುವ ಆದೇಶಗಳು), ಆಟೋಟೆಕ್ಸ್ಟ್ (ಮತ್ತೆ ಮತ್ತೆ ಬಳಸಲು ಉಳಿಸಿಟ್ಟ ಒಕ್ಕಣೆ), ನೀವೇ ಮಾಡಿಕೊಂಡ ಕೀಬೋರ್ಡ್ ಶಾರ್ಟ್‌ಕಟ್ ಎಲ್ಲ ಹೋಗುತ್ತವೆ. ಕರಾರು ಪತ್ರದ ಒಕ್ಕಣೆಯನ್ನು ಆಟೋಟೆಕ್ಸ್ಟ್‌ನಲ್ಲಿ ಇಟ್ಟುಕೊಂಡವರಿಗೆ ಇದು ದೊಡ್ಡ ನಷ್ಟ. ಹಳೇದು ಉಳಿದಿದ್ದರೆ ವರ್ಡ್‌ನಲ್ಲೇ ಇರುವ ಆರ್ಗನೈಸರ್‌ನಿಂದ ಸ್ಟೈಲ್, ಮ್ಯಾಕ್ರೋ ಈಚೆ ತಂದುಕೊಳ್ಳಬಹುದು.

ಹೊಸ ನಾರ್ಮಲ್‌ನಲ್ಲಿ ಎ4 ಮಾಡಬೇಕಾದರೆ ಪೇಜ್ ಸೆಟಪ್ ಡಬ್ಬಿ ತೆರೆಯಿರಿ. ಎ4 ಆರಿಸಿ, ಮಾರ್ಜಿನ್ ಹಾಕಿ, ಕೆಳಗೆ ಎಡಕ್ಕಿರುವ ಸೆಟ್ ಆ್ಯಸ್ ಡಿಫಾಲ್ಟ್ ಒತ್ತಿ. ಲೆಟರ್ ಉದ್ದ 279 ಮಿ.ಮೀ., ಎ4 ಉದ್ದ 297. ಈ 18 ಮಿ.ಮೀ. ವ್ಯತ್ಯಾಸಕ್ಕೇ ಸಹಿ ಮಾಡುವ ಸಾಲು ಮುಂದಿನ ಪುಟಕ್ಕೆ ಜಿಗಿಯುವುದು.

ಬೆಟಗೇರಿ ಟೈಪಿಂಗ್:
ಆಯ್ತು ಸರ್! ಹೆಸರು ಬದಲಿಸಿ ವರ್ಡ್ ತೆಗೆದೆ, ಸೊಸೈಟಿ ಲೆಟರ್‌ಹೆಡ್ ಮಾಯ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಕನ್ನಡ ಫಾಂಟ್ ಒಂದು ಉಳಿದಿದೆ. ಫಾಂಟ್ ಡಿಫಾಲ್ಟ್ ಮಾಡಿದರೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಬೇರೆಯದರಲ್ಲೇ ಬರುತ್ತಿದೆ, ಯಾಕೆ?

ಸಪ್ತಾಪುರ ಮೇಷ್ಟ್ರು:
ಫಾಂಟ್ ಡಬ್ಬಿಯಲ್ಲಿ ಎರಡು ಕಡೆ ಫಾಂಟ್ ಆರಿಸಲು ಜಾಗ ಇರುತ್ತದೆ, ಮೇಲೆ ಲ್ಯಾಟಿನ್ ಟೆಕ್ಸ್ಟ್, ಕೆಳಗೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್. ಯೂನಿಕೋಡ್ ಕನ್ನಡ ಪಾಲಿಸುವುದು ಕೆಳಗಿನದನ್ನು. ನೀವು ಮೇಲಿನದನ್ನಷ್ಟೇ ಬದಲಿಸಿರಬೇಕು, ಅಲ್ವಾ? ಕೆಳಗೆ ನಿರ್ಮಲಾ ಯುಐ ಅಥವಾ ತುಂಗಾ ಹಾಕಿ, ಅಳತೆಯೂ ಅಲ್ಲೇ ಕೊಡಿ. ಆಮೇಲೆ ಸೆಟ್ ಆ್ಯಸ್ ಡಿಫಾಲ್ಟ್ ಒತ್ತಿ, ನಾರ್ಮಲ್ ಟೆಂಪ್ಲೇಟಿನ ಎಲ್ಲ ಡಾಕ್ಯುಮೆಂಟಿಗೂ ಅನ್ನುವುದನ್ನು ಆರಿಸಿ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಕಥೆ ಬೇರೆ. ಅದರಲ್ಲಿ ಟೈಪ್ ಮಾಡಿದ್ದು ವರ್ಡ್ ಲೆಕ್ಕಕ್ಕೆ ಇಂಗ್ಲಿಷ್ ಅಕ್ಷರವೇ, ಹಾಗಾಗಿ ಅದಕ್ಕೆ ಮೇಲಿನ ಪೆಟ್ಟಿಗೆ. ಒಂದೇ ಅಂಗಡಿಯಲ್ಲಿ ಎರಡೂ ನಡೆಯುವುದರಿಂದ ಇಷ್ಟೆಲ್ಲ ಗೊಂದಲ. ಕೆಳಗಿನ ಪೆಟ್ಟಿಗೆಯೇ ಕಾಣದಿದ್ದರೆ ವರ್ಡ್ ಆಪ್ಷನ್ಸ್‌ನ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ, ವರ್ಡ್ ಮುಚ್ಚಿ ತೆಗೆಯಿರಿ.

ಬೆಟಗೇರಿ ಟೈಪಿಂಗ್:
ಕೆಳಗಿನ ಪೆಟ್ಟಿಗೆ ನೋಡಿಯೇ ಇರಲಿಲ್ಲ, ಈಗ ಸರಿಯಾಗಿ ಬರುತ್ತಿದೆ ಮೇಷ್ಟ್ರೇ. ಇದೇ ಫೈಲನ್ನು ಅಂಗಡಿಯ ಇನ್ನೊಂದು ಕಂಪ್ಯೂಟರಿಗೂ ಹಾಕಬಹುದಾ?

ಹಾವೇರಿ ಡಿಟಿಪಿ:
ಹಾಕಬಹುದು. ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲಿಯೂ ಅದೇ ಟೆಂಪ್ಲೇಟ್ಸ್ ಫೋಲ್ಡರಿಗೆ ಹಾಕಿ, ಅಲ್ಲಿನ ಹಳೇದರ ಹೆಸರು ಬದಲಿಸಿದ ಮೇಲೆ. ಬೇರೆ ಬೇರೆ ಲಾಗಿನ್ ಇದ್ದರೆ ಪ್ರತಿಯೊಂದಕ್ಕೂ ಹಾಕಬೇಕು, ನಾರ್ಮಲ್ ಒಬ್ಬೊಬ್ಬರಿಗೆ ಒಂದೊಂದು.