ಸಹಾಯ ಬೇಕು: ಇರ್ವಿಂಡೇಲ್‌ನ ಆಲ್-ಸ್ಟಾರ್ ಶೋಡೌನ್ ಓಟದ ಹಳೆಯ ದಾಖಲೆಗಳು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾರ್ ರೇಸಿಂಗ್ ಸಂಸ್ಥೆಯಾದ ನ್ಯಾಸ್ಕಾರ್‌ನ ಪ್ರಾದೇಶಿಕ ಸರಣಿಗಳಲ್ಲಿ ಮುಂಚೂಣಿಯಲ್ಲಿದ್ದ ಚಾಲಕರನ್ನು 2003ರಿಂದ 2011ರವರೆಗೆ ಕ್ಯಾಲಿಫೋರ್ನಿಯಾದ ಇರ್ವಿಂಡೇಲ್ ಸ್ಪೀಡ್‌ವೇಯ ಅರ್ಧ ಮೈಲಿ ಅಂಡಾಕಾರದ ಟ್ರ್ಯಾಕ್‌ಗೆ ಕರೆತರುತ್ತಿದ್ದ ಟೊಯೋಟ ಆಲ್-ಸ್ಟಾರ್ ಶೋಡೌನ್ ಕುರಿತು ಕನ್ನಡದಲ್ಲಿ ವಿವರವಾದ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ.

ನನಗೆ ಮುಖ್ಯವಾಗಿ ಬೇಕಿರುವುದು 2009ರ ಜನವರಿಯ ಓಟದ ಪೂರ್ಣ ದೃಶ್ಯಮುದ್ರಣ. 2007ರಲ್ಲಿ ಇದೇ ಓಟವನ್ನು ಗೆದ್ದಿದ್ದ ಜೋಯಿ ಲೊಗಾನೊ, ಈ ಬಾರಿ ಕೊನೆಯ ಸುತ್ತಿನಲ್ಲಿ ಪೇಟನ್ ಸೆಲ್ಲರ್ಸ್ ಅವರ ಕಾರಿಗೆ ಡಿಕ್ಕಿ ಹೊಡೆದ ಕಾರಣಕ್ಕೆ ಅನರ್ಹಗೊಂಡು, ಗೆಲುವು ಮ್ಯಾಟ್ ಕೋಬಿಲಕ್ ಅವರ ಪಾಲಾಯಿತು. ಗೆಲುವನ್ನೇ ಬದಲಿಸಿದ ಇಂಥ ತೀರ್ಪನ್ನು ಆ ಡಿಕ್ಕಿಯ ಕೆಲವೇ ಕ್ಷಣಗಳ ತುಣುಕು ನೋಡಿ ವಿಮರ್ಶಿಸುವುದು ಆ ಮೂವರಿಗೂ ನ್ಯಾಯವಲ್ಲವೆಂದು ನಾನು ನಂಬುತ್ತೇನೆ. ಅದಕ್ಕೂ ಹಿಂದಿನ ಸುತ್ತುಗಳಲ್ಲಿ ಅವರ ನಡುವೆ ನಡೆದ ಪೈಪೋಟಿಯನ್ನೂ ನೋಡಬೇಕು.

2024ರ ಡಿಸೆಂಬರ್‌ನಲ್ಲಿ ಆ ಟ್ರ್ಯಾಕ್ ಮುಚ್ಚಿರುವುದರಿಂದ ಅಭಿಮಾನಿಗಳ ಮನೆಗಳಲ್ಲಿ ಉಳಿದಿರುವ ಸಾಮಗ್ರಿಯೇ ಈಗ ದೊಡ್ಡ ಆಸರೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಈ ಓಟಗಳನ್ನು ಕಣ್ಣಾರೆ ಕಂಡಿದ್ದರೆ, ಅಥವಾ ಕಾರ್ಯಕ್ರಮದ ಕೈಪಿಡಿ, ಟಿಕೆಟ್, ಗ್ಯಾಲರಿಯಿಂದ ತೆಗೆದ ಫೋಟೊಗಳನ್ನು ಇಟ್ಟುಕೊಂಡಿದ್ದರೆ, ದಯವಿಟ್ಟು ಇಲ್ಲಿ ತಿಳಿಸಿ. ಮೂಲ ಪ್ರತಿ ಬೇಡ, ಸ್ಕ್ಯಾನ್ ಮಾಡಿದ ಪ್ರತಿ ಸಾಕು. ಅದರ ಖರ್ಚನ್ನು ನಾನೇ ಭರಿಸುತ್ತೇನೆ.