ಲೈನ್‌ಮನ್ ದುಡ್ಡು ಬೇಡ ಅಂದರು. ಥ್ಯಾಂಕ್ಸ್ ಹೇಳುವುದು ಹೇಗೆ?

ಕುಶಾವತಿ:

ನಾನಿರುವುದು ಬೆಂಗಳೂರಿನಲ್ಲಿ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ತೀರ್ಥಹಳ್ಳಿ ತಾಲ್ಲೂಕು, ಮೇಗರವಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ.

ಈ ಸಲ ಪುನರ್ವಸು ಮಳೆಗೆ ಗುಡ್ಡದ ಮತ್ತಿ ಮರ ಲೈನ್ ಮೇಲೆ ಬಿದ್ದು ಎರಡು ಕಂಬ ಮುರಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಆದರೆ ಅಮ್ಮನಿಗೆ ಶುಗರ್ ಇದೆ. ಆಗಷ್ಟೇ ತಂದ ಇನ್ಸುಲಿನ್ ಫ್ರಿಜ್‌ನಲ್ಲಿತ್ತು. ನಮ್ಮ ಯುಪಿಎಸ್‌ಗೆ ಫ್ರಿಜ್ ಎಳೆಯುವ ತಾಕತ್ತಿಲ್ಲ.

ಬೆಳಿಗ್ಗೆ ಲೈನ್‌ಮನ್ ಕಾಲುಸಂಕ ದಾಟಿ, ಇಂಬಳ (ಜಿಗಣೆ) ಕಚ್ಚಿಸಿಕೊಂಡು ಬಂದಿದ್ದಾರೆ. ಕರೆಂಟ್ ಯಾವಾಗ ಬರ್ತದಪ್ಪಾ ಅಂತ ಅಮ್ಮ ಕೇಳಿದರೆ, "ಅಮ್ಮಾ, ಸುಳ್ಳು ಹೇಳಲ್ಲ. ಲಾರಿ ಇಲ್ಲಿವರೆಗೆ ಬರಲ್ಲ, ಕಂಬ ಹೊತ್ತೇ ತರಬೇಕು. ನಾಲ್ಕು ದಿನ ಆದರೂ ಆಗಬಹುದು" ಅಂದಿದ್ದಾರೆ. ಅಮ್ಮ ಇನ್ಸುಲಿನ್ ವಿಷಯ ಹೇಳಿಕೊಂಡರು. ಅದಕ್ಕೆ ಅವರು, "ಹಂಗಾದ್ರೆ ನಂಗೆ ಕೊಡಿ. ನಮ್ಮನೆ ಪೇಟೆ ಲೈನಲ್ಲಿದೆ, ಅಲ್ಲಿ ಕರೆಂಟ್ ಉಂಟು" ಅಂದು, ಡಬ್ಬಿ ಮೇಲೆ ಅಮ್ಮನ ಹೆಸರು ಬರೆಸಿಕೊಂಡು ಹೋದರು. ಬಳಸುತ್ತಿದ್ದ ಒಂದು ಪೆನ್ ಮಾತ್ರ ಅಮ್ಮನ ಹತ್ತಿರ ಉಳಿಯಿತು.

ಆಮೇಲೆ ಕೆಲಸಕ್ಕೆ ಬಂದಾಗೆಲ್ಲ ಮನೆಗೆ ಬಂದು "ಇವತ್ತು ಶುಗರ್ ಎಷ್ಟಮ್ಮಾ" ಅಂತ ಕೇಳಿದ್ದಾರೆ. ಸಂಜೆ ಅಪ್ಪನ ಮೊಬೈಲ್ ಒಯ್ದು, ಬೆಳಿಗ್ಗೆ ಚಾರ್ಜ್ ಮಾಡಿ ತಂದು ಕೊಟ್ಟಿದ್ದಾರೆ. ಊರಲ್ಲಿ ಟವರ್ ಕೂಡ ಸತ್ತಿತ್ತು. ಒಂದು ರಾತ್ರಿ ಅಪ್ಪನ ನಂಬರಿನಿಂದ ಫೋನ್ ಬಂತು, ಗಂಡಸರ ದನಿ, ಗುರುತಿನವರದ್ದಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. "ಗಾಬರಿ ಆಗಬೇಡಿ ಅಕ್ಕಾ, ನಾನು ಲೈನ್‌ಮನ್. ಇಬ್ಬರೂ ಚೆನ್ನಾಗಿದ್ದಾರೆ. ಇವತ್ತು ಪತ್ರೊಡೆ ಮಾಡಿದ್ರು, ನಂಗೂ ಕೊಟ್ರು." ಇಷ್ಟು ಹೇಳುವುದಕ್ಕೇ ಮಾಡಿದ ಫೋನ್ ಅದು.

ಕರೆಂಟ್ ಬಂದ ದಿನ ಡಬ್ಬಿ ವಾಪಸ್ ಬಂತು. ಅಪ್ಪ ಐನೂರು ರೂಪಾಯಿ ಕೊಡಲು ಹೋದರೆ ಕೈ ಮುಗಿದು ಹೊರಟೇಬಿಟ್ಟರಂತೆ. ಅಪ್ಪನಿಗೆ ಅದೇ ಕೊರಗು, ಯಾರ ಋಣವೂ ಇಟ್ಟುಕೊಳ್ಳುವ ಜಾತಿಯಲ್ಲ ಅವರು. ಮೆಸ್ಕಾಂಗೆ ಒಂದು ಪತ್ರ ಬರೆಯೋಣ ಅಂತ ನನಗೆ. ಆದರೆ ಡ್ಯೂಟಿಯಲ್ಲಿ ಇದೆಲ್ಲ ಯಾಕೆ ಮಾಡಿದೆ ಅಂತ ಅವರಿಗೇ ತಿರುಗಿಬಿದ್ದರೆ? ಗೊತ್ತಿರುವವರು ಹೇಳಿ.

ಮೆಡಿಕಲ್ ಶಾಪ್, ಸಾಗರ:

ಮೊದಲು ಔಷಧಿ ವಿಷಯ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ನಿಜ. ಬಳಸಲು ಶುರು ಮಾಡಿದ ಪೆನ್ ಹೊರಗಿದ್ದರೆ ತೊಂದರೆ ಇಲ್ಲ. ಹೆಚ್ಚಿನವು 30 ಡಿಗ್ರಿ ಒಳಗೆ ಸುಮಾರು ನಾಲ್ಕು ವಾರ ಇರುತ್ತವೆ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ, ಡಬ್ಬಿಯೊಳಗಿನ ಚೀಟಿ ನೋಡಿ. ತೆರೆಯದ್ದೂ ನಾಲ್ಕು ದಿನ ಹೊರಗಿದ್ದರೆ ಕೆಡುವುದಿಲ್ಲ, ಆದರೆ ಆಮೇಲೆ ಅದನ್ನು ಆ ನಾಲ್ಕು ವಾರದೊಳಗೇ ಮುಗಿಸಬೇಕು. ಬಿಸಿಲು ತಾಗಬಾರದು. ಐಸ್‌ಗೆ ಒತ್ತಿ ಇಡಬಾರದು, ಹೆಪ್ಪುಗಟ್ಟಿದರೆ ಎಸೆಯುವುದೇ.

ಜುಲೈಯಲ್ಲಿ ನಿಮ್ಮ ಕಡೆ ಮನೆಯೊಳಗೆ 30 ಎಲ್ಲಿಂದ ಬರಬೇಕು? ಹಾಗಾಗಿ ಲೈನ್‌ಮನ್ ಒಯ್ಯದಿದ್ದರೂ ನಡೆಯುತ್ತಿತ್ತು. ದಯವಿಟ್ಟು ಇದನ್ನು ಅವರಿಗೆ ಹೇಳಬೇಡಿ ಮಾರಾಯ್ರೆ.

ಅಡಿಕೆ ಗೌಡ:

ಸಂಬಳ ಕೊಡುವುದು ಕೆಲಸ ಮಾಡಲಿಕ್ಕೇ ಅಲ್ವಾ? ನಮ್ಮ ಕಡೆ ಫೋನ್ ಮಾಡಿದರೆ ಎತ್ತುವವರೇ ಇಲ್ಲ.

ಹಳೇ ಪವರ್‌ಮ್ಯಾನ್:

ಗೌಡ್ರೇ, ಮರ ಬಿದ್ದ ದಿನ ಒಂದೇ ಫೋನಿಗೆ ಇಡೀ ಸೆಕ್ಷನ್‌ನ (ಶಾಖಾ ಕಚೇರಿ ವ್ಯಾಪ್ತಿಯ) ಊರಿನವರೆಲ್ಲ ಕರೆ ಮಾಡುತ್ತಾರೆ. ಕಂಬದ ಮೇಲಿದ್ದವನು ಎತ್ತಿಕೊಂಡರೆ ಬೀಳುತ್ತಾನೆ. 1912ಕ್ಕೆ ಮಾಡಿ, ದೂರಿನ ನಂಬರ್ ತಗೊಳ್ಳಿ.

ಕುಶಾವತಿಯವರೇ, ನಾನು ಇದೇ ಕೆಲಸ ಮಾಡಿ ರಿಟೈರ್ ಆದವನು. ಧೈರ್ಯವಾಗಿ ಬರೆಯಿರಿ. ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಹೆಸರಿಗೆ ಒಂದು, ವಿಭಾಗದ ಇಇಗೆ (ಕಾರ್ಯನಿರ್ವಾಹಕ ಎಂಜಿನಿಯರ್) ಪ್ರತಿ ಒಂದು. ಊರು, ತಾರೀಕು, ಮುರಿದ ಕಂಬ, ಅವರ ಹೆಸರು, ಇಷ್ಟಿರಲಿ. ಇನ್ಸುಲಿನ್ ಕಥೆಯೂ ಬರೆಯಿರಿ, ಕೆಲಸ ಬಿಟ್ಟು ಮಾಡಿದ್ದೇನಲ್ಲವಲ್ಲ. ಸೆಕ್ಷನ್‌ಗೆ ಬರುವ ಕಾಗದದಲ್ಲಿ ಬೈಗುಳವೇ ಜಾಸ್ತಿ. ಹೊಗಳಿದ ಕಾಗದ ಬಂದರೆ ಜೆಇ (ಜೂನಿಯರ್ ಎಂಜಿನಿಯರ್) ಎರಡು ಸಲ ಓದುತ್ತಾರೆ. ದುಡ್ಡು ಮಾತ್ರ ಬೇಡ, ತಗೊಂಡರೆ ಆಗ ನಿಜವಾಗಿ ತೊಂದರೆ. ಪತ್ರೊಡೆಗೆ ಯಾವ ರೂಲೂ ಇಲ್ಲ.

ನಿಜವಾಗಿ ಏನಾದರೂ ಕೊಡಬೇಕು ಅಂತಿದ್ದರೆ ಅಪ್ಪನಿಗೆ ಒಂದು ಕೆಲಸ ಹೇಳಿ. ನಿಮ್ಮ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಸೇರಿದ ಮನೆಗಳಲ್ಲಿ ಯಾರ ಹತ್ತಿರ ಜನರೇಟರ್ ಇದೆ ನೋಡಲಿ. ಕೆಲವರು ಜನರೇಟರ್ ವೈರನ್ನು ಸೀದಾ ಮನೆಯ ಪ್ಲಗ್‌ಗೆ ಸಿಗಿಸುತ್ತಾರೆ. ಮೇನ್ ಆಫ್ ಮಾಡಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಟಿಸಿಗೆ ಹಿಂದೆ ಮುಂದೆ ಗೊತ್ತಿಲ್ಲ. ಈ ಕಡೆಯಿಂದ 230 ವೋಲ್ಟ್ ಹೊಕ್ಕರೆ ಆ ಕಡೆ 11,000 ವೋಲ್ಟ್ ಬರುತ್ತದೆ. ನಾವು ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ (ಲೈನ್ ಆಫ್ ಆಗಿದೆ ಅನ್ನುವ ಅನುಮತಿ) ತಗೊಂಡೇ ಹತ್ತುವುದು, ಕೆಲಸದ ಜಾಗದ ಎರಡೂ ಕಡೆ ಅರ್ಥ್ ಹಾಕಬೇಕು (ತಂತಿಯನ್ನು ನೆಲಕ್ಕೆ ಜೋಡಿಸಬೇಕು) ಅಂತಲೂ ಇದೆ. ಆದರೆ ಕತ್ತಲಲ್ಲಿ, ಮಳೆಯಲ್ಲಿ, ಹತ್ತು ಕಡೆಯಿಂದ ಒತ್ತಡ ಇರುವಾಗ ಎಲ್ಲ ಸಲ ಎಲ್ಲವೂ ಆಗುತ್ತದೆ ಅಂತ ಎದೆ ಮುಟ್ಟಿ ಹೇಳಲಾರೆ. ಆ ಮಳೆಯಲ್ಲಿ ಕೆಳಗಿನ ಮನೆಯ ಜನರೇಟರ್ ಸದ್ದು ಮೇಲಿದ್ದವನಿಗೆ ಕೇಳುವುದೂ ಇಲ್ಲ.

ಅದಕ್ಕೆ ಚೇಂಜ್ ಓವರ್ ಸ್ವಿಚ್ ಹಾಕಿಸಬೇಕು. ಮೆಸ್ಕಾಂ ಇಲ್ಲವೇ ಜನರೇಟರ್, ಒಂದು ಸಲಕ್ಕೆ ಒಂದೇ ಸೇರುತ್ತದೆ.

ಇನ್ನೊಂದು. ಲೈನಿಗೆ ವಾಲಿದ ಮರ ಇದ್ದರೆ ಏಪ್ರಿಲ್‌ನಲ್ಲೇ ಸೆಕ್ಷನ್‌ಗೆ ಬರೆದು ಕೊಡಿ. ನೀವೇ ಕಡಿಯಲು ಹೋಗಬೇಡಿ.

ಅಡಿಕೆ ಗೌಡ:

ಜನರೇಟರ್ ವಿಷಯ ಗೊತ್ತಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಪ್ಲಗ್‌ಗೇ ಸಿಗಿಸುವುದು. ನಾಳೆ ಹೋಗಿ ಮಾತಾಡುತ್ತೇನೆ. ಫೋನ್ ವಿಷಯದಲ್ಲಿ ಮಾತ್ರ ನನ್ನ ಮಾತು ಹಿಂದೆ ತಗೊಳ್ಳಲ್ಲ.

ಕುಶಾವತಿ:

ಎಲ್ಲರಿಗೂ ಥ್ಯಾಂಕ್ಸ್. ಪತ್ರ ಬರೆದು, ಕಳಿಸುವ ಮುಂಚೆ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಅಕ್ಕಾ, ನನ್ನ ಹೆಸರೊಂದೇ ಬೇಡ. ಕಂಬ ಹೊತ್ತ ಹುಡುಗರದ್ದೂ ಹಾಕಿ. ಗುತ್ತಿಗೆಯವರು ಅವರು, ಅವರ ಹೆಸರು ಯಾರೂ ಬರೆಯಲ್ಲ" ಅಂದರು. ಐದು ಹೆಸರು ಹೇಳಿದರು, ಐದೂ ಹಾಕಿದ್ದೇನೆ.

ಅಪ್ಪನಿಗೆ ಈಗ ಕೈತುಂಬ ಕೆಲಸ. ನಮ್ಮ ಟಿಸಿಯಲ್ಲಿ ಎರಡು ಮನೆಗೆ ಜನರೇಟರ್ ಇದೆ. ಒಂದು ಮನೆಯವರು ಒಪ್ಪಿದರು. ಇನ್ನೊಬ್ಬರು "ಇಷ್ಟು ವರ್ಷ ಏನೂ ಆಗಿಲ್ಲ" ಅಂತ ಹಟ ಹಿಡಿದಿದ್ದಾರೆ. ಅಪ್ಪ ದಿನಾ ಸಂಜೆ ಅಲ್ಲಿಗೇ ಕಾಫಿಗೆ ಹೋಗುತ್ತಿದ್ದಾರೆ. ಆ ಸ್ವಿಚ್ ತೀರ್ಥಹಳ್ಳಿಯಲ್ಲಿ ಸಿಗುತ್ತಾ, ಶಿವಮೊಗ್ಗದಿಂದಲೇ ತರಿಸಬೇಕಾ?

ಹಳೇ ಪವರ್‌ಮ್ಯಾನ್:

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವ ಐಟಂ ಅದು, ತೀರ್ಥಹಳ್ಳಿಯಲ್ಲೇ ಕೇಳಿ. ಮನೆಗೆ ಸಿಂಗಲ್ ಫೇಸ್ ಇದೆಯಾ ತ್ರೀ ಫೇಸ್ ಇದೆಯಾ ನೋಡಿಕೊಂಡು ಹೋಗಲಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, ನ್ಯೂಟ್ರಲ್ ವೈರ್ ಕೂಡ ಬದಲಾಗುವ ಸ್ವಿಚ್ಚೇ ಬೇಕು ಅಂತ ಹೇಳಿ.