ಕೆಳದವಡೆಯ ವಾಲಿದ ಬುದ್ಧಿಹಲ್ಲು: ತೆಗೆಸುವಾಗ ಏನಾಗುತ್ತೆ, ಆಮೇಲೆ ಏನಾಗುತ್ತೆ?

ಪ್ರಶ್ನೆ: ಹಾಸನ್_ಹುಡುಗ

ತಮ್ಮನಿಗೆ 24 ವರ್ಷ. ಬಲಗಡೆ ಕೆಳಗಿನ ಬುದ್ಧಿಹಲ್ಲು ಅರ್ಧ ಮಾತ್ರ ಹೊರಗೆ ಬಂದಿದೆ. ಈ ವರ್ಷ ಎರಡು ಸಲ ಅದರ ಮೇಲಿನ ವಸಡು ಊದಿ, ಬಾಯಿ ತೆರೆಯೋದೇ ಕಷ್ಟ ಆಗಿತ್ತು. ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣೋ ಓಪಿಜಿ ಎಕ್ಸ್‌ರೇ ನೋಡಿ 'ಮೀಸಿಯೋ ಆಂಗುಲರ್ ಇಂಪ್ಯಾಕ್ಷನ್' ಅಂತ ಬರೆದಿದ್ದಾರೆ, ಸರ್ಜರಿ ಮಾಡಿಯೇ ತೆಗೀಬೇಕಂತೆ. "ಬೇರು ನರದ ಹತ್ತಿರ ಇದೆ" ಅಂದಿದ್ದೇ ತಡ, ಮನೇಲಿ ಎಲ್ಲರಿಗೂ ಗಾಬರಿ. ಜೊತೆಗೆ ಅದೇ ಕಡೆಯ ಮೇಲಿನ ಬುದ್ಧಿಹಲ್ಲನ್ನೂ ಅವತ್ತೇ ತೆಗೆದುಬಿಡೋಣ ಅಂತಾರೆ. ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣಿಗೆ ತೊಂದರೆ ಅಂತ ಅಮ್ಮನ ವಾದ.

ಪೂರ್ತಿ ಪ್ರಜ್ಞೆ ತಪ್ಪಿಸ್ತಾರಾ? ಎಷ್ಟು ಹೊತ್ತು ಹಿಡಿಯುತ್ತೆ, ಎಷ್ಟು ದಿನ ರಜೆ ಹಾಕಬೇಕು, ಏನು ತಿನ್ನಬಹುದು? ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ಉತ್ತರ: ದವಡೆ_ಸರ್ಜನ್

ಮೊದಲು ಆ ಚೀಟಿಯ ಅರ್ಥ. ಹಲ್ಲು ನೆಟ್ಟಗೆ ಏಳದೆ ಮುಂದಕ್ಕೆ ವಾಲಿ, ಪಕ್ಕದ ದವಡೆಹಲ್ಲಿಗೆ ತಲೆ ಆನಿಸಿ ನಿಂತಿದೆ. ಕೆಳದವಡೆಯಲ್ಲಿ ಅತಿ ಹೆಚ್ಚು ಕಾಣುವುದು ಇದೇ, ತೆಗೆಯುವುದಕ್ಕೂ ತಕ್ಕಮಟ್ಟಿಗೆ ಸಲೀಸು. ಹಿಂದಕ್ಕೆ ವಾಲಿದ್ದರೆ ಕಷ್ಟ ಜಾಸ್ತಿ, ಯಾಕೆಂದರೆ ಆಗ ಹಲ್ಲು ಏಳುವ ದಾರಿಗೆ ದವಡೆಮೂಳೆಯ ಏರುಭಾಗವೇ ಅಡ್ಡ ಇರುತ್ತದೆ.

ತೆಗೆಸಲೇಬೇಕಾ ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ತೊಂದರೆ ಕೊಡದ ಬುದ್ಧಿಹಲ್ಲನ್ನು ಸುಮ್ಮನೆ ಕೀಳಬೇಡಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಮಾರ್ಗಸೂಚಿ ಕೊಟ್ಟಿದೆ. "ಮುಂದಿನ ಹಲ್ಲು ಸೊಟ್ಟ ಆಗುತ್ತೆ" ಅನ್ನೋ ಒಂದೇ ಕಾರಣಕ್ಕೆ ಯಾರಾದರೂ ಕೀಳಿಸಿ ಅಂದರೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ನಿಮ್ಮ ತಮ್ಮನದು ಆ ಲೆಕ್ಕಕ್ಕೆ ಬರುವುದಿಲ್ಲ. ಅರ್ಧ ಮುಚ್ಚಿದ ವಸಡಿನಡಿ ಅಗುಳು ಸೇರಿ ಎರಡು ಸಲ ಬಾವು ಬಂದಿದೆ ಅಂದಮೇಲೆ ಮೂರನೆಯದೂ ಬರುತ್ತದೆ. ಎರಡು ಹಲ್ಲಿನ ಆ ಸಂದಿಗೆ ಬ್ರಷ್ ಹೋಗುವುದಿಲ್ಲವಾದ್ದರಿಂದ ಮುಂದಿನ ಒಳ್ಳೆಯ ಹಲ್ಲೂ ಹಿಂಬದಿಯಿಂದ ಹುಳುಕಾಗುತ್ತದೆ. ಅದು ನಮಗೆ ಗೊತ್ತಾಗುವ ಹೊತ್ತಿಗೆ ರೂಟ್ ಕೆನಾಲ್ ಹಂತಕ್ಕೆ ಬಂದಿರುತ್ತದೆ.

ನರದ ವಿಷಯ. ಕೆಳದವಡೆಯ ಮೂಳೆಯೊಳಗೆ ಸಾಗುವ ಆ ನರ ಕೆಳತುಟಿ, ಗದ್ದ, ಹಲ್ಲುಗಳ ಸ್ಪರ್ಶಕ್ಕೆ ಸಂಬಂಧಪಟ್ಟಿದ್ದು. ತುಟಿಯನ್ನು ಅಲ್ಲಾಡಿಸುವ ನರ ಬೇರೆ. ಹಾಗಾಗಿ ಪೆಟ್ಟಾದರೂ ಬಾಯಿ ಸೊಟ್ಟ ಆಗುವುದಿಲ್ಲ, ತುಟಿ ಜೋಮು ಹಿಡಿದಂತೆ ಇರುತ್ತದೆ. ಬಹುತೇಕರಿಗೆ ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಸಾಮಾನ್ಯವಾಗಿ 100ಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಓಪಿಜಿಯಲ್ಲಿ ಮೂರು ಗುರುತು ನೋಡಬೇಕು: ನರದ ಕೊಳವೆಯ ಬಿಳಿ ಅಂಚು ಬೇರಿನ ಹತ್ತಿರ ಕಡಿದಿದೆಯಾ, ಅಲ್ಲಿ ಬೇರು ಕಪ್ಪಾಗಿ ಕಾಣುತ್ತಾ, ಕೊಳವೆ ದಿಕ್ಕು ಬದಲಿಸಿದೆಯಾ. ಇದರಲ್ಲಿ ಒಂದಿದ್ದರೂ, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಬೇರು ನರಕ್ಕೆ ನಿಜವಾಗಿ ಅಂಟಿಕೊಂಡಿದ್ದರೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಹಾಗೇ ಬಿಡುವ ಕೊರೊನೆಕ್ಟಮಿ ಅನ್ನೋ ವಿಧಾನವೂ ಇದೆ. ಬಾವು, ಕೀವು ಇದ್ದಾಗ ಮತ್ತು ಬೇರಿಗೇ ಸೋಂಕು ತಗುಲಿದ್ದರೆ ಅದು ಆಗುವುದಿಲ್ಲ.

ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಅಂದರೆ ಅಡ್ರಿನಲಿನ್ (ರಕ್ತನಾಳ ಕುಗ್ಗಿಸುವ ಔಷಧಿ) ಬೆರೆಸಿದ 2% ಲಿಗ್ನೋಕೇನ್ 2ರಿಂದ 4 ಮಿಲಿ ಸಾಕು. ಚುಚ್ಚಿದ ತಕ್ಷಣ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು, ಅದು ಅಡ್ರಿನಲಿನ್ ಕೆಲಸ, ಅಲರ್ಜಿ ಅಲ್ಲ. ಐದು ನಿಮಿಷದೊಳಗೆ ಅರ್ಧ ತುಟಿ, ಅರ್ಧ ನಾಲಿಗೆ ದಪ್ಪಗಾದ ಹಾಗೆ ಅನಿಸಬೇಕು. ತುಟಿ ಮರಗಟ್ಟುವ ಮುಂಚೆ ಶುರುಮಾಡಲು ಬಿಡಬೇಡಿ. ಬಾವು ಜೋರಿದ್ದಾಗ ಈ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮೊದಲು ತೊಳೆದು, ಔಷಧಿ ಕೊಟ್ಟು, ಬಾವು ಇಳಿದಮೇಲೆ ದಿನ ಕೊಡುತ್ತೇವೆ.

ಆಮೇಲಿನದು ಹೀಗೆ. ವಸಡು ಕೊಯ್ದು ಮಡಚುವುದು, ಹಲ್ಲಿನ ಸುತ್ತ ಸ್ವಲ್ಪ ಮೂಳೆಯನ್ನು ಸಲೈನ್ ಹಾಯಿಸುತ್ತ ಕೊರೆಯುವುದು, ಹಲ್ಲನ್ನು ಎರಡು ಮೂರು ತುಂಡು ಮಾಡಿ ಎಲಿವೇಟರ್ ಅನ್ನೋ ಸಣ್ಣ ಮೀಟುಗೋಲಿನಿಂದ ಮೀಟಿ ತೆಗೆಯುವುದು. ಇಡೀ ಹಲ್ಲನ್ನೇ ಎಳೆದರೆ ಬರುವುದಿಲ್ಲ, ಮುಂದಿನ ಹಲ್ಲು ಅಡ್ಡ ಇದೆ. ತುಂಡು ಮಾಡಿದಷ್ಟೂ ಮೂಳೆ ಉಳಿಯುತ್ತದೆ. ಆಗ ಒತ್ತಡ ಗೊತ್ತಾಗುತ್ತದೆ, 'ಕಟ್' ಅನ್ನೋ ಸದ್ದು ಕಿವಿಯೊಳಗೇ ಆದಂತೆ ಕೇಳುತ್ತದೆ. ಚುಚ್ಚಿದಂಥ ನೋವು ಆಗಬಾರದು. ಹಾಗೇನಾದರೂ ನೋವಾದರೆ ಎಡಗೈ ಎತ್ತಲಿ, ಇನ್ನಷ್ಟು ಔಷಧಿ ಕೊಡುತ್ತಾರೆ. ಮಾತಾಡಲು ಹೋಗಿ ತಲೆ ಅಲ್ಲಾಡಿಸಬಾರದು. ಕೊನೆಗೆ ಗುಳಿ ತೊಳೆದು, ಸಾಮಾನ್ಯವಾಗಿ 3-0 ದಪ್ಪದ ಕಪ್ಪು ರೇಷ್ಮೆ ದಾರದಲ್ಲಿ ಎರಡು ಮೂರು ಹೊಲಿಗೆ. ಒಟ್ಟು 30ರಿಂದ 45 ನಿಮಿಷ.

ಮೇಲಿನ ಹಲ್ಲು ಅದೇ ದಿನ ತೆಗೆಸುವುದು ಒಳ್ಳೆಯ ಸಲಹೆಯೇ. ಕೆಳಗಿನ ಜೋಡಿಹಲ್ಲು ಹೋದಮೇಲೆ ಅದಕ್ಕೆ ಕೆಲಸವಿಲ್ಲ, ಇಳಿದು ಬಂದು ಕೆಳವಸಡನ್ನು ಕಚ್ಚಬಹುದು. ಎಡಗಡೆಯವು ಇದ್ದರೆ ಮೂರು ನಾಲ್ಕು ವಾರ ಬಿಟ್ಟು ತೆಗೆಸಿ, ಅಗಿಯಲು ಒಂದು ಕಡೆ ಬೇಕಲ್ಲ. ಕಣ್ಣಿಗೂ ಮೇಲಿನ ಹಲ್ಲಿಗೂ ಸಂಬಂಧವಿಲ್ಲ ಅಂತ ಅಮ್ಮನಿಗೆ ಹೇಳಿ. ದೃಷ್ಟಿಯ ನರವೇ ಬೇರೆ, ಅದು ಈ ದಾರಿಯಲ್ಲಿ ಬರುವುದೇ ಇಲ್ಲ. ಮೇಲ್ದವಡೆಯಲ್ಲಿ ನೋಡಬೇಕಾದ್ದು ಸೈನಸ್, ಅಂದರೆ ಮೂಗಿನ ಪಕ್ಕ ಮೂಳೆಯೊಳಗಿನ ಗಾಳಿಗೂಡು. ಕೆಲವರಲ್ಲಿ ಬೇರಿಗೂ ಸೈನಸ್ಸಿಗೂ ನಡುವೆ ತೆಳು ಮೂಳೆ ಅಷ್ಟೇ ಇರುತ್ತದೆ. ಕುಡಿದ ನೀರು ಮೂಗಲ್ಲಿ ಬಂದರೆ ತಕ್ಷಣ ತಿಳಿಸಿ. ಎರಡು ವಾರ ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಇನ್ನೊಂದು, ಯಾರೂ ಕೇಳದೆ ಹೋಗುವ ವಿಷಯ: ಅಡಿಕೆ, ಗುಟ್ಕಾ ಅಭ್ಯಾಸ ಇದೆಯಾ? ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯುವುದು ಕಡಿಮೆಯಾಗಿರುತ್ತದೆ. ಮೂರು ಬೆರಳು ಉದ್ದಕ್ಕೆ ನಿಲ್ಲಿಸಿದರೆ ಹಲ್ಲುಗಳ ನಡುವೆ ಹಿಡಿಯಬೇಕು. ಹಿಡಿಯದಿದ್ದರೆ ಮುಂಚೆಯೇ ಹೇಳಿ.

ಉತ್ತರ: ಹುಬ್ಬಳ್ಳಿ_ಸಿಸ್ಟರ್

ಡಾಕ್ಟ್ರು ಆಪರೇಶನ್‌ದು ಹೇಳ್ಯಾರ, ನಾ ಮನಿಗೆ ಬಂದ ಮ್ಯಾಲಿಂದು ಹೇಳತೇನಿ.

ಹೋಗೂ ಮುಂಚೆ ಹೊಟ್ಟಿತುಂಬ ತಿಂದ ಹೋಗ್ಲಿ. ಬರೇ ಜೋಮಿನ ಇಂಜೆಕ್ಷನ್‌ಗೆ ಉಪವಾಸ ಬ್ಯಾಡ, ಖಾಲಿ ಹೊಟ್ಟಿಲೇ ಹೋದವ್ರಿಗೇ ಕುರ್ಚಿ ಮ್ಯಾಲೆ ತಲಿ ತಿರಗತೈತಿ. ಪೂರ್ತಿ ಅನಸ್ತೇಶಿಯಾ ಇದ್ರ ಮಾತ್ರ 6 ತಾಸು ಊಟ ಬಿಡಬೇಕು.

ಗಾಜ್ ಬಟ್ಟಿ ಇಟ್ಟು ಕಚ್ಚಿಸಿ ಕಳಸ್ತಾರ. 45 ನಿಮಿಷದಿಂದ ಒಂದ ತಾಸು ಗಟ್ಟಿಯಾಗಿ ಕಚಗೊಂಡಿರಬೇಕು. ಐದೈದ ನಿಮಿಷಕ್ಕ ತಗದು "ರಕ್ತ ನಿಂತೈತೇನು" ಅಂತ ನೋಡೂದ ಬ್ಯಾಡ, ನೋಡಿದಷ್ಟೂ ಹೆಪ್ಪು ಕಿತ್ತ ಬರತೈತಿ. ಉಗಳಬಾರದು, ಸ್ಟ್ರಾ ಹಾಕಿ ಎಳನೀರು ಕುಡೀಬಾರದು, ಮೊದಲ 24 ತಾಸು ಬಾಯಿ ಮುಕ್ಕಳಿಸಬಾರದು. ಮರುದಿನದ ತನಕ ಜೊಲ್ಲು ಕೆಂಪಗ ಬರೂದು ಸಹಜ. ಬಾಯಿತುಂಬ ರಕ್ತ ಬಂದ್ರ ಒದ್ದಿ ಗಾಜ್ ಮಡಚಿ ಅದರ ಮ್ಯಾಲೇ ಇಟ್ಟು ಅರ್ಧ ತಾಸು ಒತ್ತಿ ಕಚ್ಚಬೇಕು. ಆಗೂ ನಿಲ್ಲಲಿಲ್ಲಂದ್ರ ದವಾಖಾನಿಗೆ ಹೋಗಬೇಕು. ಜೋಮು ಮೂರ್ನಾಲ್ಕ ತಾಸು ಇರತೈತಿ, ಅಲ್ಲೀತನಕ ಬಿಸಿ ಚಾ ಬ್ಯಾಡ, ತುಟಿ ಸುಟ್ಟರೂ ಗೊತ್ತಾಗೂದಿಲ್ಲ.

ಐಸ್ ಬಟ್ಟ್ಯಾಗ ಸುತ್ತಿ ಗಲ್ಲದ ಮ್ಯಾಲೆ 15 ನಿಮಿಷ ಇಡೂದು, 15 ನಿಮಿಷ ಬಿಡೂದು, ಬರೇ ಮೊದಲ ದಿನ. ರಾತ್ರಿ ಎರಡ ದಿಂಬು. ಬಾವು ಎರಡನೇ ಮೂರನೇ ದಿನಕ್ಕ ಹೆಚ್ಚಾಗತೈತಿ, ಅದನ್ನ ನೋಡಿ ಅಂಜಬ್ಯಾಡ್ರಿ. ಮೂರನೇ ದಿನದ ಮ್ಯಾಲೆ ಇಳೀಬೇಕು. ಇಳದಿದ್ದು ಮತ್ತ ಏರಿದ್ರ ಅದು ಡಾಕ್ಟ್ರಿಗೆ ಹೇಳೂ ಸುದ್ದಿ. ಎರಡನೇ ದಿನದಿಂದ ಒಂದ ಗ್ಲಾಸ್ ಬೆಚ್ಚನ್ನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕ ನಾಕೈದ ಸಲ. ಕುಳುಕುಳು ಅಂತ ಜೋರಲೇ ಮುಕ್ಕಳಿಸಬಾರದು, ನೀರು ಬಾಯಾಗ ಹಿಡದು ತಲಿ ವಾಲಿಸಿ ತಾನ ಬೀಳೂ ಹಂಗ ಬಿಡಬೇಕು.

ಊಟಕ್ಕ ಆರಿದ ಗಂಜಿ, ರಾಗಿ ಅಂಬಲಿ, ಮೆತ್ತನ್ನ ಮಸರನ್ನ, ಬಾಳಿಹಣ್ಣು, ಬೀಜ ಇರಲಾರದ ಐಸ್‌ಕ್ರೀಂ. ಮಸರನ್ನಕ್ಕ ಸಾಸಿವಿ ಒಗ್ಗರಣಿ ಮಾತ್ರ ಬ್ಯಾಡ, ಕಾಳು ಹೋಗಿ ಹೊಲಿಗಿ ಸಂದ್ಯಾಗ ಕೂತ್ರ ತಗಿಯೂದು ತ್ರಾಸು. ಕಡಕ್ ರೊಟ್ಟಿ, ಶೇಂಗಾ, ಚುರಮುರಿ ಎರಡ ವಾರ ದೂರ. ಬೀಡಿ, ಸಿಗರೇಟು, ಅಡಕಿ, ತಂಬಾಕ ಕಡಿಮಿ ಅಂದ್ರೂ ಒಂದ ವಾರ ಮುಟ್ಟಬಾರದು.

ಉತ್ತರ: ಔಷಧಿ_ಅಂಗಡಿ_ತುಮಕೂರು

ಮಾತ್ರೆ ವಿಷಯದಲ್ಲಿ ಜನ ಎಡವೋದು ಒಂದೇ ಕಡೆ. ಚೀಟಿಯಲ್ಲಿ ಜೆರೊಡಾಲ್-ಪಿ ಥರದ ಮಾತ್ರೆ ಇದ್ದರೆ ಅದರಲ್ಲಿ ಆಗಲೇ 325 ಮಿಗ್ರಾಂ ಪ್ಯಾರಾಸಿಟಮಾಲ್ ಇರುತ್ತೆ. ನೋವು ಹೋಗಲಿಲ್ಲ ಅಂತ ಮೇಲೆ ಡೋಲೋ 650, ಅದರ ಮೇಲೆ ಪಕ್ಕದ ಮನೆಯವರು ಕೊಟ್ಟ ಕಾಂಬಿಫ್ಲಾಮ್ ಅಂತ ಸೇರಿಸ್ತಾ ಹೋಗ್ತಾರೆ. ದಿನದ ಒಟ್ಟು ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು. ಜೆರೊಡಾಲ್-ಪಿಯ ಅಸಿಕ್ಲೊಫೆನಾಕ್, ಕಾಂಬಿಫ್ಲಾಮ್‌ನ ಐಬುಪ್ರೊಫೆನ್ ಎರಡೂ ಒಂದೇ ಜಾತಿಯವು, ಜೊತೆಗೆ ತಗೊಂಡರೆ ಹೊಟ್ಟೆಗೆ ಏಟು. ಅಸ್ತಮಾ, ಅಲ್ಸರ್, ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮೊದಲ ಮಾತ್ರೆ ಜೋಮು ಬಿಡೋ ಮುಂಚೆಯೇ ನುಂಗಬೇಕು. ನೋವು ಏರಿದಮೇಲೆ ಇಳಿಸೋದು ಕಷ್ಟ.

ಕ್ಲೋರ್‌ಹೆಕ್ಸಿಡಿನ್ 0.2% ಮೌತ್‌ವಾಶ್ ಬರೆದಿದ್ದರೆ ಮರುದಿನದಿಂದ, 10 ಮಿಲಿ, ದಿನಕ್ಕೆ ಎರಡು ಸಲ. ಪೇಸ್ಟ್ ಹಾಕಿ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತೆ. ಮನೇಲಿ ಹಿರಿಯರಿಗೆ ಹಲ್ಲು ಕೀಳಿಸೋದಿದ್ದರೆ ರಕ್ತ ಹೆಪ್ಪುಗಟ್ಟದಂತೆ ಕೊಡೋ ಎಕೋಸ್ಪ್ರಿನ್ ಮಾತ್ರೆಯನ್ನ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ರಕ್ತ ಸ್ವಲ್ಪ ಹೆಚ್ಚು ಹೊತ್ತು ಜಿನುಗೋದನ್ನ ಒತ್ತಿ ನಿಲ್ಲಿಸಬಹುದು, ಹಾರ್ಟ್ ಅಟ್ಯಾಕ್ ಹಾಗಲ್ಲ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್ ತಗೊಂಡಿದ್ದರೆ ಅದನ್ನೂ ಹೇಳಿ, ದವಡೆ ಗಾಯ ಮಾಯದೇ ಹೋಗಬಹುದು.

ಆಂಟಿಬಯಾಟಿಕ್ ಎಲ್ಲರಿಗೂ ಬೇಕು ಅನ್ನೋದನ್ನ ನಾನು ಒಪ್ಪಲ್ಲ.

ಉತ್ತರ: ದವಡೆ_ಸರ್ಜನ್

ಆ ಕೊನೆಯ ಸಾಲು ಸರಿ, ಆದರೆ ಇಲ್ಲಿ ಮೂಳೆ ಕೊರೆಯುವುದಿದೆ, ಹಿಂದೆ ಎರಡು ಸಲ ಸೋಂಕೂ ಆಗಿದೆ. ನೋಡಿದ ಡಾಕ್ಟರು ಕೊಟ್ಟರೆ ಬೇಡ ಅನ್ನಬೇಡಿ, ಕೊಡದಿದ್ದರೆ ಅಂಗಡಿಯಲ್ಲಿ ಕೇಳಿ ತಗೊಳ್ಳಲೂ ಬೇಡಿ.

ಆಂಟಿಬಯಾಟಿಕ್‌ನಿಂದ ಹೋಗದ ನೋವು ಒಂದಿದೆ, ಡ್ರೈ ಸಾಕೆಟ್. ಗುಳಿಯ ಹೆಪ್ಪು ಕರಗಿಯೋ ಕಿತ್ತೋ ಹೋಗಿ ಒಳಗಿನ ಮೂಳೆ ಬರಿದಾಗುವುದು. ಮೊದಲೆರಡು ದಿನ ಚೆನ್ನಾಗಿದ್ದು, ಮೂರರಿಂದ ಐದನೇ ದಿನದೊಳಗೆ ಕಿವಿಯತನಕ ಎಳೆಯುವ ನೋವು ಶುರುವಾಗುತ್ತದೆ, ಬಾಯಿ ನಾತ ಹೊಡೆಯುತ್ತದೆ, ಮಾತ್ರೆಗೆ ಬಗ್ಗುವುದಿಲ್ಲ. ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಜಾಸ್ತಿ. ಗುಳಿಯನ್ನು ಸಲೈನಿನಿಂದ ತೊಳೆದು ಯೂಜಿನಾಲ್ ಹಚ್ಚಿದ ಡ್ರೆಸಿಂಗ್ ಇಟ್ಟರೆ ಬೇಗ ಹಾಯೆನಿಸುತ್ತದೆ, ಒಂದೆರಡು ದಿನಕ್ಕೊಮ್ಮೆ ಬದಲಿಸಬೇಕಾಗಬಹುದು. ಯೂಜಿನಾಲ್ ಲವಂಗದೆಣ್ಣೆಯದೇ ಸತ್ವ ಅಂತ ಮನೆಯಲ್ಲಿ ಎಣ್ಣೆ ಸುರಿಯಬೇಡಿ, ವಸಡು ಸುಟ್ಟು ಬೊಬ್ಬೆ ಬರುತ್ತದೆ.

ಕಾಯಬಾರದ ಲಕ್ಷಣಗಳು: ಗದ್ದದಡಿ ಅಥವಾ ಕುತ್ತಿಗೆಗೆ ಬಾವು ಇಳಿಯುವುದು, ಎಂಜಲು ನುಂಗಲಾಗದಿರುವುದು, ನಾಲಿಗೆ ಮೇಲಕ್ಕೆ ಎದ್ದು ಉಸಿರು ಕಟ್ಟಿದಂತಾಗುವುದು. ರಾತ್ರಿ ಎರಡು ಗಂಟೆಯಾದರೂ ದೊಡ್ಡ ಆಸ್ಪತ್ರೆಗೇ ಹೋಗಿ, ಕ್ಲಿನಿಕ್ ತೆರೆಯಲಿ ಅಂತ ಕೂರಬೇಡಿ.

ಹಾಸನ್_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಕೇಳಬೇಕಿತ್ತು. ಖರ್ಚು ಕಡಿಮೆ ಆಗೋಕೆ ಡೆಂಟಲ್ ಕಾಲೇಜಿಗೆ ಹೋಗಬಹುದಾ, ಅಲ್ಲಿ ವಿದ್ಯಾರ್ಥಿಗಳೇ ಮಾಡ್ತಾರಂತಲ್ಲ? ಮತ್ತೆ ಬೆಂಗಳೂರಲ್ಲಿ ಮಾಡಿಸಿದ್ರೆ ಅವತ್ತೇ ರಾತ್ರಿ ಬಸ್ಸಿಗೆ ಊರಿಗೆ ವಾಪಸ್ ಬರಬಹುದಾ?

ಉತ್ತರ: ದವಡೆ_ಸರ್ಜನ್

ಧಾರಾಳವಾಗಿ ಹೋಗಬಹುದು. ಇಂಥ ಹಲ್ಲನ್ನು ಸಾಮಾನ್ಯವಾಗಿ ಓರಲ್ ಸರ್ಜರಿ ವಿಭಾಗದಲ್ಲಿ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ಓದುತ್ತಿರುವ ಡಾಕ್ಟರುಗಳು ಮಾಡುತ್ತಾರೆ, ಮೇಲೆ ಪ್ರೊಫೆಸರ್ ಇರುತ್ತಾರೆ. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಸರದಿ ಕಾಯಬೇಕು, ಅಷ್ಟೇ. ಬೆಂಗಳೂರಿನ ಕೋಟೆ ಹತ್ತಿರ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ನಿಮ್ಮ ಹಾಸನದಲ್ಲೂ ಡೆಂಟಲ್ ಕಾಲೇಜಿದೆ. ಖಾಸಗಿ ಕ್ಲಿನಿಕ್ಕಿನಲ್ಲಿ ದರ ಕೇಳುವಾಗ ಎಕ್ಸ್‌ರೇ, ಔಷಧಿ, ಹೊಲಿಗೆ ಬಿಚ್ಚುವುದು ಸೇರಿದೆಯಾ ಅಂತ ಕೇಳಿ. ಹೋಲಿಸುವಾಗ ಇಲ್ಲೇ ಲೆಕ್ಕ ತಪ್ಪುವುದು.

ಬಸ್ಸು ಬೇಡ. ರಕ್ತ ಮತ್ತೆ ಶುರುವಾಗುವುದಿದ್ದರೆ ಹೆಚ್ಚಾಗಿ ಅಡ್ರಿನಲಿನ್ ಪ್ರಭಾವ ಇಳಿದ ಮೇಲಿನ ಕೆಲವು ಗಂಟೆಗಳಲ್ಲಿ, ಆ ಹೊತ್ತಿಗೆ ನೀವು ಕುಣಿಗಲ್ಲಿನಲ್ಲೋ ಬೆಳ್ಳೂರು ಕ್ರಾಸಿನಲ್ಲೋ ಇರುತ್ತೀರಿ. ಒಂದು ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡಿ. ಗುರುವಾರ ಮಾಡಿಸಿದರೆ ಶುಕ್ರವಾರ, ಶನಿವಾರ ರಜೆ ಹಾಕಿ ಸೋಮವಾರ ಕೆಲಸಕ್ಕೆ ಹೋಗಬಹುದು, ಭಾರ ಎತ್ತುವ ಕೆಲಸವಾದರೆ ಒಂದು ವಾರ. ಹೊಲಿಗೆ ಏಳನೇ ದಿನ ಬಿಚ್ಚಬೇಕು. ಅದನ್ನು ಹಾಸನದ ಯಾವ ದಂತವೈದ್ಯರಾದರೂ ಐದು ನಿಮಿಷದಲ್ಲಿ ಮಾಡುತ್ತಾರೆ, ಡಿಸ್ಚಾರ್ಜ್ ಚೀಟಿ ಮತ್ತು ಓಪಿಜಿ ತಗೊಂಡು ಹೋಗಿ.